ನಿದ್ದೆ ಮಾತ್ರೆ ಬಿಡಿಸುವಾಗ ಮನಸ್ಸು ಕುಸಿದರೆ...

‘ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ’ ಎನ್ನುತ್ತದೆ ನಮ್ಮ ಗಾದೆ. ಚಿಂತೆ ಇರುವವರಿಗೆ ಮೆತ್ತನೆಯ ಹಾಸಿಗೆಯ ಮೇಲೂ ನಿದ್ದೆ ಬಾರದು. ಅಂಥವರಿಗೆ ವೈದ್ಯರು ಬರೆದುಕೊಡುವ ಪುಟ್ಟ ಮಾತ್ರೆ ಮೊದಲ ರಾತ್ರಿಯೇ ಕೆಲಸ ಮಾಡುತ್ತದೆ. ಎರಡು ವಾರಕ್ಕೆಂದು ಬರೆದ ಆ ಮಾತ್ರೆ ಎರಡು ವರ್ಷವಾದರೂ ತಲೆದಿಂಬಿನ ಪಕ್ಕದಲ್ಲೇ ಉಳಿದುಬಿಡುತ್ತದೆ. ಇಂಥ ಮಾತ್ರೆಯನ್ನು ಒಮ್ಮೆಗೇ ನಿಲ್ಲಿಸಬಾರದು, ಮೆಲ್ಲಮೆಲ್ಲನೆ ಇಳಿಸಬೇಕು ಎಂಬ ತಿಳಿವಳಿಕೆ ಈಗ ಅನೇಕರಿಗಿದೆ. ಸಂತೋಷ. ಆದರೆ ಹೀಗೆ ಇಳಿಸುವ ಹಾದಿಯಲ್ಲಿ ಮಾತ್ರೆಯನ್ನೇ ಬದಲಿಸಿದಾಗ ಮನಸ್ಸಿಗೆ ಏನಾಗಬಹುದು ಎಂಬುದನ್ನು ಮಾತ್ರ ಮೊದಲೇ ಹೇಳುವವರು ಕಡಿಮೆ. ವೈದ್ಯರಿಗೆ ಪುರಸೊತ್ತಿಲ್ಲ, ರೋಗಿಗೆ ಕೇಳಲು ಸಂಕೋಚ, ಮನೆಯವರಿಗೆ ಗೊತ್ತೇ ಇಲ್ಲ.

ಹೀಗೊಂದು ಮನೆಯನ್ನು ಊಹಿಸಿಕೊಳ್ಳಿ. ಮನೆಯೊಡತಿಗೆ 55 ವರ್ಷ. ಆರು ವರ್ಷಗಳಿಂದ ಆಲ್‌ಪ್ರಜೋಲಾಮ್ ಅರ್ಧ ಮಿಲಿಗ್ರಾಂ ಬೆಳಿಗ್ಗೆ ಒಂದು, ರಾತ್ರಿ ಒಂದು ನುಂಗುತ್ತಿದ್ದಾರೆ. ಬಿಡಿಸಬೇಕೆಂದು ತೀರ್ಮಾನಿಸಿದ ವೈದ್ಯರು ಅದರ ಬದಲಿಗೆ ಡಯಜೆಪಾಮ್ ಬರೆಯುತ್ತಾರೆ. ನಾಲ್ಕನೇ ದಿನ ಆಕೆ ಸೊಸೆಯ ಮೇಲೆ ಕಾರಣವಿಲ್ಲದೆ ರೇಗುತ್ತಾರೆ, ಕುಕ್ಕರಿನ ಸೀಟಿಗೆ ಬೆಚ್ಚಿಬೀಳುತ್ತಾರೆ. ಮೂರನೇ ವಾರದ ಹೊತ್ತಿಗೆ ರೇಗುವುದು ನಿಂತು ಅಳು ಶುರುವಾಗುತ್ತದೆ. ಊಟ ಬೇಡ, ಪೂಜೆ ಬೇಡ, ಟಿ.ವಿ. ಧಾರಾವಾಹಿಯೂ ಬೇಡ. ಕುರ್ಚಿಯಲ್ಲಿ ಕೂತವರು ಕೂತೇ ಇರುತ್ತಾರೆ. ಮನೆಯಲ್ಲಿ ತಲೆಗೊಂದು ಮಾತು. ‘ಮುಟ್ಟು ನಿಂತ ವಯಸ್ಸು, ಹಾಗೇ’ ಎಂದು ನಾದಿನಿ. ‘ಹಳೇ ಕಾಯಿಲೆ ಮತ್ತೆ ಬಂತು’ ಎಂದು ಯಜಮಾನರು. ‘ಸುಮ್ಮನೆ ಹಳೇ ಮಾತ್ರೆನೇ ತಗೊಳ್ಳಮ್ಮ’ ಎಂದು ಮಗ. ಮಾತ್ರೆ ಬದಲಾದ ತಾರೀಕು ಯಾವುದು ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಕೇಳಬೇಕಾದ ಮೊದಲ ಪ್ರಶ್ನೆಯೇ ಅದು. ಮಾತ್ರೆ ಬದಲಾದ ದಿನಗಳಲ್ಲಿ ಮನಸ್ಸು ಏರುಪೇರಾದರೆ ಮೊದಲು ಮಾತ್ರೆಯನ್ನು ಅನುಮಾನಿಸಿ, ಆಮೇಲೆ ಮನುಷ್ಯರನ್ನು. ಈ ಲೇಖನದ ಸಾರಾಂಶ ಇಷ್ಟೇ. ಇದು ಏಕೆ ಎಂಬುದನ್ನು ತಿಳಿಯಲು ಸ್ವಲ್ಪ ಹಿನ್ನೆಲೆ ಬೇಕು.

ಇವು ಯಾವ ಮಾತ್ರೆಗಳು?

ಬೆಂಜೋಡಯಜೆಪೀನ್ ಎಂಬುದು ಒಂದು ಮಾತ್ರೆಯ ಹೆಸರಲ್ಲ, ಒಂದು ಕುಲದ ಹೆಸರು. ಈ ಕುಲದ ಮೊದಲ ಔಷಧಿ ಕ್ಲೋರ್‌ಡಯಜೆಪಾಕ್ಸೈಡ್ ಮಾರುಕಟ್ಟೆಗೆ ಬಂದದ್ದು 1960ರಲ್ಲಿ. ಅದನ್ನು ಕಂಡುಹಿಡಿದವರು ರೋಶ್ ಕಂಪನಿಯ ರಸಾಯನ ವಿಜ್ಞಾನಿ ಲಿಯೊ ಸ್ಟರ್ನ್‌ಬಾಕ್. ಅದರ ಹಿಂದೆಯೇ 1963ರಲ್ಲಿ ಡಯಜೆಪಾಮ್ ಬಂತು. ಹಿಂದಿನ ತಲೆಮಾರಿನವರು ‘ಕಾಂಪೋಸ್’ ಎಂದು ಕೇಳಿ ತರುತ್ತಿದ್ದ ಮಾತ್ರೆ ಇದೇ. ಆಲ್‌ಪ್ರಜೋಲಾಮ್, ಲೋರಜೆಪಾಮ್, ಕ್ಲೊನಜೆಪಾಮ್, ನೈಟ್ರಜೆಪಾಮ್ ಇವೆಲ್ಲ ಅದೇ ಕುಲದ ಅಣ್ಣತಮ್ಮಂದಿರು.

ನಮ್ಮ ದೇಶದಲ್ಲಿ ಇನ್ನೊಂದು ತೊಡಕಿದೆ. ಈ ಮದ್ದುಗಳು ಬೇರೆ ಮದ್ದಿನ ಜೊತೆ ಒಂದೇ ಮಾತ್ರೆಯಲ್ಲಿ ಸೇರಿಕೊಂಡು ಬರುತ್ತವೆ. ಖಿನ್ನತೆಗೆ ಕೊಡುವ ಎಸ್ಸಿಟಾಲೊಪ್ರಾಮ್ ಜೊತೆ ಕ್ಲೊನಜೆಪಾಮ್, ಅಮಿಟ್ರಿಪ್ಟಿಲೀನ್ ಜೊತೆ ಕ್ಲೋರ್‌ಡಯಜೆಪಾಕ್ಸೈಡ್ ಸೇರಿರುವುದುಂಟು. ಹೊಟ್ಟೆ ನುಲಿತಕ್ಕೆಂದು ಕೊಡುವ ಕೆಲವು ಮಾತ್ರೆಗಳಲ್ಲೂ ಕ್ಲೋರ್‌ಡಯಜೆಪಾಕ್ಸೈಡ್ ಅಡಗಿರುತ್ತದೆ. ‘ನಾನು ನಿದ್ದೆ ಮಾತ್ರೆ ಮುಟ್ಟಿದವನೇ ಅಲ್ಲ, ಬರೀ ಗ್ಯಾಸಿನ ಮಾತ್ರೆ’ ಎನ್ನುವವರು ಒಮ್ಮೆ ಆ ಹಾಳೆಯ ಹಿಂಬದಿಯ ಸಣ್ಣ ಅಕ್ಷರ ಓದಿ ನೋಡುವುದು ಒಳ್ಳೆಯದು. ಇಂಥ ಜೋಡಿ ಮಾತ್ರೆಯನ್ನು ಬದಲಿಸಿದರೆ ಏಕಕಾಲಕ್ಕೆ ಎರಡು ಮದ್ದು ಬದಲಾದಂತೆ. ಮನಸ್ಸಿಗೆ ಆಗುವ ಪೆಟ್ಟೂ ಎರಡು.

ಗಾಬಾ ಮತ್ತು ಗಾಬರಿ

ನಮ್ಮ ಮೆದುಳಿನಲ್ಲಿ ನರಕೋಶಗಳನ್ನು ಸಮಾಧಾನದಲ್ಲಿಡುವ ಒಂದು ರಾಸಾಯನಿಕವಿದೆ. ಅದರ ಹೆಸರು ಗಾಬಾ. ನೆನಪಿಡಲು ಸುಲಭ: ಗಾಬಾ ಕುಗ್ಗಿದರೆ ಗಾಬರಿ ಹಿಗ್ಗುತ್ತದೆ. ಬೆಂಜೋಡಯಜೆಪೀನ್ ಮಾತ್ರೆಗಳು ಗಾಬಾದ ಕೆಲಸಕ್ಕೆ ಬಲ ತುಂಬುತ್ತವೆ. ಇವು ಮೆದುಳಿನಲ್ಲಿ ಅಂಟಿಕೊಳ್ಳುವ ಜಾಗ ಯಾವುದೆಂದು 1977ರಲ್ಲಿ ಗೊತ್ತಾಯಿತು.

ತಿಂಗಳುಗಟ್ಟಲೆ ಹೊರಗಿನಿಂದ ಬಲ ಸಿಗುತ್ತಿದ್ದರೆ ಮೆದುಳು ಅದಕ್ಕೆ ಹೊಂದಿಕೊಂಡುಬಿಡುತ್ತದೆ. ಊರುಗೋಲಿಗೆ ಒಗ್ಗಿದ ಕಾಲಿನಂತೆ ತನ್ನ ಸ್ವಂತ ಬಲವನ್ನು ಕಡಿಮೆ ಮಾಡಿಕೊಳ್ಳುತ್ತದೆ. ಇದಕ್ಕೆ ಅವಲಂಬನೆ ಎನ್ನುತ್ತಾರೆ. ಇದು ಚಟವಲ್ಲ. ವೈದ್ಯರು ಹೇಳಿದಷ್ಟೇ ಮಾತ್ರೆ ನುಂಗಿದ, ಒಂದು ದಿನವೂ ಹೆಚ್ಚು ಮಾಡದ ಸಂಪ್ರದಾಯಸ್ಥ ಗೃಹಿಣಿಯ ಮೆದುಳೂ ಹೀಗೆಯೇ ಹೊಂದಿಕೊಳ್ಳುತ್ತದೆ. ಅಂಥವರನ್ನು ಕುಡುಕರ ಸಾಲಿಗೆ ಸೇರಿಸಿ ಮಾತನಾಡುವುದು ಅನ್ಯಾಯ.

ಊರುಗೋಲನ್ನು ಥಟ್ಟನೆ ಕಿತ್ತುಕೊಂಡರೆ ಬೀಳುವುದು ಖಚಿತ. ಹಾಗೆಯೇ ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ನಿದ್ದೆಗೇಡು, ನಡುಕ, ಬೆವರು, ಎದೆಬಡಿತ, ಸಿಡುಕು, ಬೆಳಕು ಮತ್ತು ಸದ್ದು ಸಹಿಸಲಾಗದಿರುವುದು ಕಾಣಿಸಿಕೊಳ್ಳುತ್ತವೆ. ಇವೇ ಹಿಂತೆಗೆತದ ಲಕ್ಷಣಗಳು. ಕೆಲವರಿಗೆ ಫಿಟ್ಸ್ ಕೂಡ ಬರಬಹುದು, ಪ್ರಾಣಕ್ಕೂ ಅಪಾಯವಾಗಬಹುದು. ಆದ್ದರಿಂದಲೇ ನಿಧಾನವಾಗಿ ಇಳಿಸಬೇಕೆಂಬ ನಿಯಮ. ಅಮೆರಿಕದ ಹಲವು ವೈದ್ಯಕೀಯ ಸಂಘಗಳು ಸೇರಿ 2025ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಪ್ರಕಾರ ಮೊದಮೊದಲು ಎರಡರಿಂದ ನಾಲ್ಕು ವಾರಕ್ಕೊಮ್ಮೆ ಶೇ. 5ರಿಂದ 10ರಷ್ಟು ಇಳಿಸಬೇಕು. ಎರಡು ವಾರದಲ್ಲಿ ಶೇ. 25ನ್ನು ಮೀರಬಾರದು. ಅಂದರೆ ಇದು ವಾರಗಳ ಕೆಲಸವಲ್ಲ, ಹಲವು ತಿಂಗಳುಗಳ ಕೆಲಸ.

ಮಾತ್ರೆ ಬದಲಿಸುವುದೇಕೆ?

ಆಲ್‌ಪ್ರಜೋಲಾಮ್ ಬೇಗ ಬಂದು ಬೇಗ ಹೋಗುವ ಮದ್ದು. ರಕ್ತದಲ್ಲಿ ಅದರ ಮಟ್ಟ ಸುಮಾರು 12 ಗಂಟೆಯೊಳಗೆ ಅರ್ಧಕ್ಕಿಳಿಯುತ್ತದೆ. ಬೆಳಗಿನ ಮಾತ್ರೆಯ ಪ್ರಭಾವ ಸಂಜೆಯ ಹೊತ್ತಿಗೆ ಇಳಿಮುಖವಾಗುವುದರಿಂದ ಕೆಲವರಿಗೆ ದೀಪ ಹಚ್ಚುವ ವೇಳೆಗೆ ಸರಿಯಾಗಿ ಗಾಬರಿ ಶುರುವಾಗುತ್ತದೆ. ಡಯಜೆಪಾಮ್ ಹಾಗಲ್ಲ. ಅದು ಮತ್ತು ಅದರಿಂದ ದೇಹದೊಳಗೆ ಹುಟ್ಟುವ ಇನ್ನೊಂದು ರಾಸಾಯನಿಕ ದಿನಗಟ್ಟಲೆ ರಕ್ತದಲ್ಲಿ ನಿಲ್ಲುತ್ತವೆ. ಮಟ್ಟ ಇಳಿದರೂ ಇಳಿಜಾರಿನಂತೆ ಮೆಲ್ಲಗೆ ಇಳಿಯುತ್ತದೆ. ಅಲ್ಲದೆ 2 ಮಿಲಿಗ್ರಾಂನ ಸಣ್ಣ ಮಾತ್ರೆ ಸಿಗುವುದರಿಂದ ಸ್ವಲ್ಪಸ್ವಲ್ಪವೇ ಕಡಿಮೆ ಮಾಡಲು ಅನುಕೂಲ.

ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ 1982ರಿಂದ 1994ರವರೆಗೆ ಈ ಮಾತ್ರೆ ಬಿಡಿಸಲೆಂದೇ ಚಿಕಿತ್ಸಾಲಯ ನಡೆಸಿದ ಪ್ರೊ. ಹೆದರ್ ಆ್ಯಶ್ಟನ್ ಈ ಬದಲಾವಣೆಯ ಕ್ರಮವನ್ನು ಜನಪ್ರಿಯಗೊಳಿಸಿದರು. 1999ರಲ್ಲಿ ಅವರು ಬರೆದ ಕೈಪಿಡಿ ಜಗತ್ತಿನಾದ್ಯಂತ ಹೆಸರುವಾಸಿಯಾಯಿತು. ಅವರ ಕ್ರಮದಲ್ಲಿ ಒಂದೇ ದಿನ ಎಲ್ಲ ಮಾತ್ರೆಗಳನ್ನೂ ಬದಲಿಸುವುದಿಲ್ಲ. ಒಂದು ಹೊತ್ತಿನ ಮಾತ್ರೆಯನ್ನು, ಸಾಮಾನ್ಯವಾಗಿ ರಾತ್ರಿಯದನ್ನು ಮೊದಲು ಬದಲಿಸಿ, ದೇಹ ಹೊಂದಿಕೊಂಡ ಮೇಲೆ ಮುಂದಿನ ಹೊತ್ತಿಗೆ ಹೋಗಬೇಕು.

ಇಲ್ಲಿ ಮನೆಯವರನ್ನು ಕಂಗೆಡಿಸುವ ಒಂದು ಲೆಕ್ಕವಿದೆ. ಆ್ಯಶ್ಟನ್ ಅವರ ಕೋಷ್ಟಕದಂತೆ ಆಲ್‌ಪ್ರಜೋಲಾಮ್ ಅರ್ಧ ಮಿಲಿಗ್ರಾಂ ಡಯಜೆಪಾಮ್ 10 ಮಿಲಿಗ್ರಾಂಗೆ ಸಮ. ಚೀಟಿ ನೋಡಿದ ಮಗ ‘ಕಡಿಮೆ ಮಾಡ್ತೀವಿ ಅಂತ ಹೇಳಿ ಡಾಕ್ಟ್ರು ಇಪ್ಪತ್ತು ಪಟ್ಟು ಜಾಸ್ತಿ ಬರೆದಿದ್ದಾರಲ್ಲ!’ ಎಂದು ಹೌಹಾರುತ್ತಾನೆ. ಭಯದಿಂದ ಮಾತ್ರೆಯನ್ನು ಕಾಲು ಭಾಗ ಮಾಡಿ ಕೊಡುತ್ತಾನೆ. ಅಲ್ಲಿಗೆ ತಾಯಿಗೆ ಸಿಗುವುದು ಬೇಕಾದದ್ದರ ಕಾಲು ಭಾಗ. ಮಿಲಿಗ್ರಾಂ ಎಂಬುದು ತೂಕ, ಶಕ್ತಿಯಲ್ಲ. ಒಂದು ಚಮಚ ಒಣಮೆಣಸಿನ ಪುಡಿಯೂ ಒಂದು ಚಮಚ ಬೆಲ್ಲದ ಪುಡಿಯೂ ಒಂದೇ ಅಳತೆ. ನಾಲಿಗೆಗೆ ಗೊತ್ತು ವ್ಯತ್ಯಾಸ! ಎಲ್ಲ ಕೋಷ್ಟಕಗಳೂ ಒಂದೇ ಅಂಕಿ ಹೇಳುವುದಿಲ್ಲ, ಎಲ್ಲರ ದೇಹವೂ ಒಂದೇ ಲೆಕ್ಕಕ್ಕೆ ಬಗ್ಗುವುದಿಲ್ಲ. ಆದ್ದರಿಂದ ಈ ಲೆಕ್ಕವನ್ನು ಮನೆಯಲ್ಲಿ ಕೂತು ಮಾಡಕೂಡದು. ವೈದ್ಯರು ಮಾಡಿದ ಲೆಕ್ಕ ಅರ್ಥವಾಗದಿದ್ದರೆ ಕೇಳಿ ತಿಳಿಯಬೇಕು.

ಮನಸ್ಸು ಏಕೆ ಕುಸಿಯುತ್ತದೆ?

ಒಂದು ತೊಟ್ಟಿಯನ್ನು ನೆನೆಯಿರಿ. ಆಲ್‌ಪ್ರಜೋಲಾಮ್‌ನ ತೊಟ್ಟಿಗೆ ದೊಡ್ಡ ತೂತು. ತುಂಬಿದ ನೀರು ಬೇಗ ಖಾಲಿ. ಡಯಜೆಪಾಮ್‌ನ ತೊಟ್ಟಿಗೆ ಚಿಕ್ಕ ತೂತು. ದಿನವೂ ಸುರಿದ ನೀರು ಸ್ವಲ್ಪಸ್ವಲ್ಪ ಉಳಿಯುತ್ತಾ ಹೋಗಿ ಒಂದು ಮಟ್ಟಕ್ಕೆ ನಿಲ್ಲಲು ಎರಡು ವಾರ ಅಥವಾ ಅದಕ್ಕೂ ಹೆಚ್ಚು ಕಾಲ ಬೇಕು. ಹಳೆಯ ತೊಟ್ಟಿಯನ್ನು ಒಡೆದು ಹೊಸತನ್ನು ಇಟ್ಟ ಮೊದಲ ದಿನಗಳಲ್ಲಿ ಹಳೆಯದು ಬರಿದಾಗಿರುತ್ತದೆ, ಹೊಸದು ತುಂಬಿರುವುದಿಲ್ಲ. ಆ ಕೊರತೆಯ ದಿನಗಳಲ್ಲೇ ಸಿಡುಕು, ಚಡಪಡಿಕೆ, ಕುಕ್ಕರಿನ ಸೀಟಿಗೆ ಬೆಚ್ಚುವುದು. ಎಲ್ಲ ಹೊತ್ತಿನ ಮಾತ್ರೆಯನ್ನೂ ಒಂದೇ ದಿನ ಬದಲಿಸಿದವರಲ್ಲಿ, ಬದಲಿ ಮಾತ್ರೆಯ ಪ್ರಮಾಣ ಕಡಿಮೆಯಾದವರಲ್ಲಿ ಇದು ಹೆಚ್ಚು.

ಎರಡು ಮೂರು ವಾರ ಕಳೆದಾಗ ಕಥೆ ತಿರುಗುತ್ತದೆ. ಈಗ ಹೊಸ ತೊಟ್ಟಿ ತುಂಬಿದೆ. ಪ್ರಮಾಣ ತುಸು ಹೆಚ್ಚಾಗಿದ್ದರೂ ಹಗಲೆಲ್ಲ ಮಂಪರು, ಮಾತು ನಿಧಾನ, ಯಾವುದರಲ್ಲೂ ರುಚಿಯಿಲ್ಲ. ಬೆಂಜೋಡಯಜೆಪೀನ್ ಮಾತ್ರೆಗಳು ಆತಂಕವನ್ನು ತಗ್ಗಿಸುತ್ತವೆಯೇ ಹೊರತು ಖಿನ್ನತೆಗೆ ಮದ್ದಲ್ಲ. ಕೆಲವರಲ್ಲಿ ಅವೇ ಖಿನ್ನತೆಯನ್ನು ತರಬಹುದು, ಇರುವುದನ್ನು ಹೆಚ್ಚಿಸಲೂಬಹುದು. ಮೇಲೆ ಹೇಳಿದ ಮನೆಯಲ್ಲಿ ನಾಲ್ಕನೇ ದಿನದ ಸಿಟ್ಟಿಗೆ ಮದ್ದಿನ ಕೊರತೆಯೂ ಮೂರನೇ ವಾರದ ಜಡತೆಗೆ ಮದ್ದಿನ ಹೆಚ್ಚಳವೂ ಕಾರಣವಾಗಿರಬಹುದು. ನೋಡುವವರಿಗೆ ಎರಡೂ ‘ತಲೆ ಕೆಟ್ಟದ್ದು’. ಆದರೆ ಪರಿಹಾರ ಒಂದಕ್ಕೊಂದು ವಿರುದ್ಧ. ತಾರೀಕು ಬರೆದಿಡದಿದ್ದರೆ ವೈದ್ಯರಿಗೂ ಯಾವುದು ಯಾವುದೆಂದು ಹೇಳುವುದು ಕಷ್ಟ.

ಮೂರನೆಯದು ಖಿನ್ನತೆಯ ಮಾತ್ರೆಯನ್ನು ಅದೇ ವಾರ ಸೇರಿಸುವುದು. ‘ನಿದ್ದೆ ಮಾತ್ರೆ ಬಿಡಿಸುತ್ತಿದ್ದೇವಲ್ಲ, ಜೊತೆಗೆ ಇದೂ ಇರಲಿ’ ಎಂದು ಎಸ್ಸಿಟಾಲೊಪ್ರಾಮ್, ಸರ್ಟ್ರಲೀನ್ ಮುಂತಾದವನ್ನು ಕೊಡುವುದುಂಟು. ಅವು ಒಳ್ಳೆಯ ಮದ್ದುಗಳೇ. ಅನೇಕರಿಗೆ ಅಗತ್ಯವೂ ಹೌದು. ಆದರೆ ಅವುಗಳ ಗುಣ ಕಾಣಲು ಹಲವು ವಾರ ಬೇಕು. ಮೊದಲ ಒಂದೆರಡು ವಾರ ಕೆಲವರಲ್ಲಿ ಅವೇ ಚಡಪಡಿಕೆಯನ್ನು ಹೆಚ್ಚಿಸುತ್ತವೆ. ಒಂದು ಕಡೆ ಸಮಾಧಾನದ ಮದ್ದು ಇಳಿಯುತ್ತಿದೆ, ಇನ್ನೊಂದು ಕಡೆ ಚಡಪಡಿಕೆಯ ಮದ್ದು ಏರುತ್ತಿದೆ. ರೋಗಿಗೆ ತಾಳ್ಮೆ ಎಲ್ಲಿಂದ ಬರಬೇಕು?

ನಾಲ್ಕನೆಯದು ಸಂಬಂಧವೇ ಇಲ್ಲವೆಂದು ನಾವು ಭಾವಿಸುವ ಮದ್ದುಗಳು. ಹುಳುಕಡ್ಡಿಗೆ ಕೊಡುವ ಇಟ್ರಕೊನಜೋಲ್, ಗಂಟಲು ಸೋಂಕಿಗೆ ಕೊಡುವ ಕ್ಲಾರಿಥ್ರೊಮೈಸಿನ್ ಆಲ್‌ಪ್ರಜೋಲಾಮ್‌ನ ಮಟ್ಟವನ್ನು ಏರಿಸುತ್ತವೆ. ಅಸಿಡಿಟಿಯ ಒಮೆಪ್ರಜೋಲ್ ಡಯಜೆಪಾಮ್‌ನ ಮಟ್ಟವನ್ನು ಏರಿಸಬಹುದು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಫಿಟ್ಸ್‌ಗೆ ಕೊಡುವ ಕಾರ್ಬಮಜೆಪೀನ್ ಇವುಗಳ ಮಟ್ಟವನ್ನು ಇಳಿಸುತ್ತವೆ. ನಿದ್ದೆ ಮಾತ್ರೆಯ ಪ್ರಮಾಣವನ್ನು ಯಾರೂ ಮುಟ್ಟದಿದ್ದರೂ ರಕ್ತದೊಳಗಿನ ಲೆಕ್ಕ ಬದಲಾಗಿಬಿಡುತ್ತದೆ. ಚರ್ಮದ ವೈದ್ಯರಿಗೆ ನಿದ್ದೆ ಮಾತ್ರೆಯ ವಿಷಯ ಹೇಳುವುದು ಅಧಿಕಪ್ರಸಂಗವಲ್ಲ, ಅವಶ್ಯಕತೆ.

ಐದನೆಯದನ್ನು ರೋಗವೆನ್ನಲಾಗದು. ವರ್ಷಗಟ್ಟಲೆ ಈ ಮಾತ್ರೆ ತೆಗೆದುಕೊಂಡವರ ಭಾವನೆಗಳು ಮಂಕಾಗಿರುತ್ತವೆ. ತಂದೆ ಸತ್ತಾಗ ಅಳು ಬರಲಿಲ್ಲ, ಮಗಳ ಮದುವೆಯಲ್ಲಿ ಸಂತೋಷವೂ ಆಗಲಿಲ್ಲ ಎನ್ನುವವರಿದ್ದಾರೆ. ಮಾತ್ರೆ ಇಳಿದಂತೆ ತಡೆದಿಟ್ಟ ಅಳು, ಸಿಟ್ಟು, ಪ್ರೀತಿ ಎಲ್ಲವೂ ಹಿಂತಿರುಗುತ್ತವೆ. ಹಳೆಯ ಹಾಡು ಕೇಳಿ ಕಣ್ಣು ತುಂಬಿದರೆ ಅದು ಕಾಯಿಲೆಯಲ್ಲ. ಅಂಥ ಅಳುವನ್ನು ಮತ್ತೊಂದು ಮಾತ್ರೆಯಿಂದ ಮುಚ್ಚುವ ಅವಸರ ಬೇಡ.

ಹಳೆ ಕಾಯಿಲೆಯೋ, ಹೊಸ ಮಾತ್ರೆಯೋ?

ಇದನ್ನು ಖಚಿತವಾಗಿ ಹೇಳಬಲ್ಲ ರಕ್ತಪರೀಕ್ಷೆ ಇಲ್ಲ, ಸ್ಕ್ಯಾನ್ ಇಲ್ಲ. ಸಹಾಯಕ್ಕೆ ಬರುವುದು ಕ್ಯಾಲೆಂಡರ್ ಮಾತ್ರ. ಮಾತ್ರೆ ಬದಲಾದ ಅಥವಾ ಇಳಿಸಿದ ಕೆಲವೇ ದಿನಗಳಲ್ಲಿ ತೊಂದರೆ ಶುರುವಾಗಿ, ಮುಂದಿನ ವಾರಗಳಲ್ಲಿ ಏರಿಳಿಯುತ್ತಾ ಕ್ರಮೇಣ ತಗ್ಗಿದರೆ ಅದು ಮದ್ದಿನ ಏರುಪೇರು ಎಂದು ತಿಳಿಯಬಹುದು. ಹಿಂದೆಂದೂ ಇಲ್ಲದ ಲಕ್ಷಣಗಳು, ಉದಾಹರಣೆಗೆ ಕಿವಿಯಲ್ಲಿ ಗುಂಯ್‌ಗುಡುವುದು, ಬೆಳಕು ಚುಚ್ಚಿದಂತಾಗುವುದು, ಮೈಮೇಲೆ ಇರುವೆ ಹರಿದಂತಾಗುವುದು ಜೊತೆಗಿದ್ದರೆ ಅನುಮಾನ ಇನ್ನಷ್ಟು ಬಲವಾಗುತ್ತದೆ. ಹಾಗಲ್ಲದೆ, ಮಾತ್ರೆ ಬದಲಾಗಿ ಬಹಳ ಕಾಲವಾದ ಮೇಲೆ ನಿಧಾನವಾಗಿ ಆರಂಭವಾಗಿ, ಹಳೆಯ ಕಾಯಿಲೆಯ ಪಡಿಯಚ್ಚಿನಂತೆಯೇ ದಿನದಿಂದ ದಿನಕ್ಕೆ ಹೆಚ್ಚುತ್ತಾ ಹೋದರೆ ಮೂಲ ಕಾಯಿಲೆ ಮರುಕಳಿಸಿರುವ ಸಂಭವ ಹೆಚ್ಚು. ಆಗ ಅದಕ್ಕೇ ಚಿಕಿತ್ಸೆ ಬೇಕು.

ಎರಡೂ ಒಟ್ಟಿಗೇ ಇರಬಹುದು. ಆದ್ದರಿಂದ ‘ಇದೆಲ್ಲ ಮಾತ್ರೆಯದೇ, ತಾನಾಗಿ ಹೋಗುತ್ತದೆ’ ಎಂದು ವೈದ್ಯರ ಬಳಿಗೆ ಹೋಗದೆ ಕೂರುವುದೂ ತಪ್ಪೇ.

ಒಂದು ಸಲಕ್ಕೆ ಒಂದೇ ಬದಲಾವಣೆ

ಈಗ ನನ್ನ ಅಭಿಪ್ರಾಯಕ್ಕೆ ಬರುತ್ತೇನೆ. ಮೊದಲನೆಯದಾಗಿ, ಮಾತ್ರೆ ಬಿಡಿಸುವವರೆಲ್ಲರಿಗೂ ಡಯಜೆಪಾಮ್‌ಗೆ ಬದಲಿಸಲೇಬೇಕೆಂಬ ಹಟ ಬೇಡ. ಕ್ಲೊನಜೆಪಾಮ್ ತೆಗೆದುಕೊಳ್ಳುವವರ ಮದ್ದು ಮೊದಲೇ ನಿಧಾನವಾಗಿ ಇಳಿಯುವ ಜಾತಿಯದು. ಅವರಲ್ಲಿ ಎಷ್ಟೋ ಮಂದಿಗೆ ಅದನ್ನೇ ಇಳಿಸುತ್ತಾ ಹೋದರೆ ಸಾಕು. ವಯಸ್ಸಾದವರಲ್ಲಿ, ಯಕೃತ್ತಿನ ಕಾಯಿಲೆ ಇರುವವರಲ್ಲಿ ಡಯಜೆಪಾಮ್ ದೇಹದಲ್ಲಿ ಶೇಖರವಾಗಿ ಮಂಪರು, ಗೊಂದಲ, ರಾತ್ರಿ ಬಚ್ಚಲಿಗೆ ಹೋಗುವಾಗ ಬಿದ್ದು ಸೊಂಟ ಮುರಿಯುವುದು ಇತ್ಯಾದಿಗೆ ಕಾರಣವಾದೀತು. ಬದಲಾವಣೆ ಒಂದು ಉಪಾಯವೇ ಹೊರತು ವ್ರತವಲ್ಲ.

ಎರಡನೆಯದಾಗಿ, ಬದಲಿಸಿದರೆ ಒಂದು ಸಲಕ್ಕೆ ಒಂದೇ ಬದಲಾವಣೆ ಸಾಕು. ಮದ್ದು ಬದಲಿಸುವ ವಾರದಲ್ಲಿ ಪ್ರಮಾಣವನ್ನು ಇಳಿಸಬಾರದು. ಪ್ರಮಾಣ ಇಳಿಸುವ ವಾರದಲ್ಲಿ, ತುರ್ತು ಕಾರಣವಿಲ್ಲದಿದ್ದರೆ, ಹೊಸ ಮದ್ದು ಸೇರಿಸಬಾರದು. ಖಿನ್ನತೆಯ ಮಾತ್ರೆ ಬೇಕೆನಿಸಿದರೆ ಅದನ್ನು ಮೊದಲೇ ಆರಂಭಿಸಿ, ಅದು ನೆಲೆಗೊಂಡ ಮೇಲೆ ಇಳಿಕೆಗೆ ಕೈಹಾಕುವುದು ಜಾಣತನ. ಸಾಂಬಾರು ಕೆಟ್ಟಾಗ ಉಪ್ಪು, ಹುಳಿ, ಖಾರ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಕೆಟ್ಟಿತೆಂದು ತಿಳಿಯುವುದು ಹೇಗೆ?

ಮೂರನೆಯದಾಗಿ, ಮಾತ್ರೆ ಬದಲಿಸುವ ವೈದ್ಯರು ಎರಡು ವಾಕ್ಯಗಳನ್ನು ಚೀಟಿಯಲ್ಲೇ ಕನ್ನಡದಲ್ಲಿ ಬರೆದುಕೊಡಬೇಕೆಂದು ನಾನು ಒತ್ತಾಯಿಸುತ್ತೇನೆ. ‘ಮೊದಲ ಎರಡು ಮೂರು ವಾರ ಸಿಡುಕು, ಅಳು, ಮಂಪರು ಬರಬಹುದು. ತಾವಾಗಿಯೇ ನಿಲ್ಲಿಸಬೇಡಿ, ಹೆಚ್ಚಿಸಬೇಡಿ, ನನ್ನನ್ನು ಕೇಳಿ.’ ಇಷ್ಟು ಬರೆಯಲು ಒಂದು ನಿಮಿಷ ಸಾಕು. ‘ಮೊದಲೇ ಹೇಳಿದರೆ ರೋಗಿ ಹೆದರಿಕೊಂಡು ಇಲ್ಲದ್ದನ್ನೂ ಅನುಭವಿಸುತ್ತಾನೆ’ ಎನ್ನುವ ಸಹೋದ್ಯೋಗಿಗಳಿದ್ದಾರೆ. ಅವರ ಮಾತಿನಲ್ಲಿ ಸ್ವಲ್ಪ ಹುರುಳಿದೆ. ಆದರೆ ಹೇಳದೆ ಬಿಟ್ಟ ರೋಗಿ ನಾಲ್ಕನೇ ದಿನ ಹೆದರುವುದು ಅದಕ್ಕಿಂತ ಹೆಚ್ಚು. ತಿಳಿವಳಿಕೆಯಿಂದ ಲಾಭವೇ ಎನ್ನಲು ಆಧಾರವೂ ಇದೆ. ಕೆನಡಾದಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈ ಮಾತ್ರೆಗಳನ್ನು ಬಹುಕಾಲದಿಂದ ಸೇವಿಸುತ್ತಿದ್ದ ವೃದ್ಧರಿಗೆ ಅಪಾಯಗಳನ್ನೂ ಮೆಲ್ಲಗೆ ಬಿಡುವ ಕ್ರಮವನ್ನೂ ವಿವರಿಸುವ ಒಂದು ಪುಸ್ತಿಕೆ ಕೊಡಲಾಯಿತು. ಆರು ತಿಂಗಳಲ್ಲಿ ಅವರಲ್ಲಿ ಶೇ. 27 ಮಂದಿ ಮಾತ್ರೆ ಬಿಟ್ಟಿದ್ದರು. ಪುಸ್ತಿಕೆ ಸಿಗದವರಲ್ಲಿ ಬಿಟ್ಟವರು ಶೇ. 5 ಮಾತ್ರ. ಒಂದು ಪುಸ್ತಿಕೆ ಇಷ್ಟು ಮಾಡಬಲ್ಲದಾದರೆ ವೈದ್ಯರ ಬಾಯಿಮಾತು ಇನ್ನೆಷ್ಟು ಮಾಡೀತು!

ನಾಲ್ಕನೆಯ ಮಾತು ಔಷಧಿ ಅಂಗಡಿಯವರಿಗೆ. 2013ರಲ್ಲಿ ಹೊರಡಿಸಿ 2014ರಲ್ಲಿ ಜಾರಿಯಾದ ಎಚ್-1 ಪಟ್ಟಿಯಲ್ಲಿ ಆಲ್‌ಪ್ರಜೋಲಾಮ್, ಡಯಜೆಪಾಮ್, ನೈಟ್ರಜೆಪಾಮ್ ಸೇರಿವೆ. ಇವನ್ನು ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ವೈದ್ಯರ ಮತ್ತು ರೋಗಿಯ ಹೆಸರು, ಪ್ರಮಾಣ ಎಲ್ಲವನ್ನೂ ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕು. ಕಾನೂನು ಹೀಗಿದ್ದರೂ ‘ಅದು ಸ್ಟಾಕ್ ಇಲ್ಲ, ಇದು ತಗೊಳ್ಳಿ, ಎರಡೂ ಒಂದೇ’ ಎನ್ನುವ ಮಾತು ಕೌಂಟರಿನಲ್ಲಿ ಕೇಳಿಬರುವುದುಂಟು. ಕಂಪನಿ ಬೇರೆಯಾಗಿ ಒಳಗಿನ ಮದ್ದು ಮತ್ತು ಪ್ರಮಾಣ ಅದೇ ಆಗಿದ್ದರೆ ಸರಿ. ಆಲ್‌ಪ್ರಜೋಲಾಮ್ ಬದಲು ಕ್ಲೊನಜೆಪಾಮ್ ಕೊಟ್ಟರೆ ಎರಡೂ ಒಂದೇ ಅಲ್ಲ. ತಿಂಗಳುಗಟ್ಟಲೆ ಎಚ್ಚರದಿಂದ ಇಳಿಸಿಕೊಂಡು ಬಂದದ್ದು ಈ ಒಂದು ಮಾತಿನಿಂದ ಹಾಳಾಗಬಹುದು.

ಮನೆಯವರು ಏನು ಮಾಡಬೇಕು?

ಗೋಡೆಯ ಕ್ಯಾಲೆಂಡರಿನಲ್ಲೇ ಪ್ರತಿದಿನ ಮೂರು ಸಂಗತಿ ಬರೆಯಿರಿ: ಯಾವ ಮಾತ್ರೆ ಎಷ್ಟು, ರಾತ್ರಿ ಎಷ್ಟು ಗಂಟೆ ನಿದ್ದೆ, ಮನಸ್ಸು ಹೇಗಿತ್ತು. ಮನಸ್ಸಿಗೆ ಹತ್ತರಲ್ಲಿ ಇಷ್ಟು ಎಂದು ಅಂಕ ಕೊಟ್ಟರೂ ಸಾಕು. ಅಂಕವನ್ನು ರೋಗಿಯೇ ಕೊಡಲಿ. ಮುಂದಿನ ಭೇಟಿಯಲ್ಲಿ ಆ ಹಾಳೆಯನ್ನು ವೈದ್ಯರ ಮೇಜಿನ ಮೇಲಿಡಿ. ‘ಪರವಾಗಿಲ್ಲ ಡಾಕ್ಟ್ರೇ’ ಎಂಬ ಒಂದು ಮಾತಿಗಿಂತ ಅದು ನೂರು ಪಾಲು ಉಪಯುಕ್ತ.

ಹಳೆಯ ಮಾತ್ರೆ ಉಳಿದಿದ್ದರೆ ಹೊಸದರ ಡಬ್ಬಿಯಲ್ಲಿ ಬೆರೆಸಿಡಬೇಡಿ. ಎರಡನ್ನೂ ಒಟ್ಟಿಗೆ ನುಂಗುವ ಅಪಾಯವಿದೆ. ಮದ್ಯ ಸಂಪೂರ್ಣ ವರ್ಜ್ಯ. ಕೊಡೀನ್ ಇರುವ ಕೆಮ್ಮಿನ ಸಿರಪ್ಪು, ಟ್ರಮಡಾಲ್‌ನಂಥ ನೋವಿನ ಮಾತ್ರೆ ಈ ಮದ್ದಿನೊಂದಿಗೆ ಸೇರಿದರೆ ಉಸಿರಾಟವೇ ಕುಂಠಿತವಾಗಬಹುದು. ಹೊಸ ಮಾತ್ರೆಗೆ ಒಗ್ಗುವವರೆಗೆ ಸ್ಕೂಟರ್, ಕಾರು ಓಡಿಸುವುದು ಬೇಡ. ಕಾಫಿಯನ್ನು ಮಧ್ಯಾಹ್ನಕ್ಕೇ ನಿಲ್ಲಿಸಿ. ಮಗಳ ಮದುವೆ, ಮನೆ ಬದಲಾವಣೆ, ಮಕ್ಕಳ ಪರೀಕ್ಷೆಗಳ ಗಲಾಟೆಯ ನಡುವೆ ಮಾತ್ರೆ ಬದಲಿಸುವ ಕೆಲಸಕ್ಕೆ ಕೈಹಾಕಬೇಡಿ. ನೆಮ್ಮದಿಯ ತಿಂಗಳೊಂದನ್ನು ಆರಿಸಿಕೊಳ್ಳಿ.

ಸಿಡುಕಿದಾಗ ತಿರುಗಿ ಸಿಡುಕಬೇಡಿ. ‘ಮನಸ್ಸು ಗಟ್ಟಿ ಮಾಡ್ಕೋ’ ಎಂಬ ಉಪದೇಶವೂ ಬೇಡ. ಕಾಲು ಮುರಿದವರಿಗೆ ‘ಕಾಲು ಗಟ್ಟಿ ಮಾಡ್ಕೋ’ ಎನ್ನುತ್ತೇವೆಯೇ? ‘ಇದು ಮಾತ್ರೆ ಬದಲಾದದ್ದಕ್ಕೆ ಅತ್ತೆ, ಇನ್ನೆರಡು ವಾರ ನೋಡೋಣ, ಡಾಕ್ಟರಿಗೂ ಹೇಳಿದ್ದೇನೆ’ ಎಂದು ಸೊಸೆ ಹೇಳಿದರೆ ಅದೇ ಅರ್ಧ ಚಿಕಿತ್ಸೆ. ಸಂಜೆ ಜೊತೆಯಲ್ಲಿ ಅರ್ಧ ಗಂಟೆ ನಡೆದಾಡುವುದು, ನಿದ್ದೆಯ ಅಭ್ಯಾಸಗಳನ್ನು ತಿದ್ದುವ ಆಪ್ತಸಲಹೆ ಪಡೆಯುವುದು ಇವೆಲ್ಲ ಇಳಿಕೆಯ ಹಾದಿಯನ್ನು ಸುಗಮಗೊಳಿಸುತ್ತವೆ.

ತೀರಾ ಕಷ್ಟವಾದರೆ ಇಳಿಸುವುದನ್ನು ಕೆಲವು ವಾರ ತಡೆದು ಇದ್ದಲ್ಲೇ ನಿಲ್ಲಬಹುದು. ವೈದ್ಯರು ಒಂದು ಮೆಟ್ಟಿಲು ಹಿಂದಕ್ಕೂ ಹೋಗಬಹುದು. ಅದು ಸೋಲಲ್ಲ. ಕೆಲವರಿಗೆ ಪೂರ್ತಿ ಬಿಡಲಾಗದೆ ಕಡಿಮೆ ಪ್ರಮಾಣದಲ್ಲಿ ನಿಲ್ಲಬೇಕಾದೀತು. ಅದೂ ಲಾಭವೇ.

ಕಾಯಬಾರದ ಸಂದರ್ಭಗಳು

ಫಿಟ್ಸ್ ಬಂದರೆ, ಇಲ್ಲದ್ದು ಕಂಡರೆ ಅಥವಾ ಕೇಳಿಸಿದರೆ, ದಿನ ಸ್ಥಳಗಳ ಗುರುತು ತಪ್ಪಿದರೆ, ಎಬ್ಬಿಸಿದರೂ ಎಚ್ಚರವಾಗದಷ್ಟು ಮಂಪರಿದ್ದರೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ‘ಬದುಕಿ ಏನು ಪ್ರಯೋಜನ’ ಎಂಬ ಮಾತು ಬಾಯಲ್ಲಿ ಬಂದರೆ ಅದನ್ನು ಹೆದರಿಸುವ ಆಟವೆಂದು ತಳ್ಳಿಹಾಕಬೇಡಿ. ಅವರನ್ನು ಒಂಟಿಯಾಗಿ ಬಿಡಬೇಡಿ. ಮಾತ್ರೆಗಳನ್ನು ನೀವೇ ಇಟ್ಟುಕೊಂಡು ಹೊತ್ತುಹೊತ್ತಿಗೆ ಕೊಡಿ. ಅದೇ ದಿನ ವೈದ್ಯರನ್ನು ಕಾಣಿ. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲೂ ರಾತ್ರಿ ಉಚಿತ, ಕನ್ನಡದಲ್ಲೂ ಮಾತನಾಡಬಹುದು.

ನಿದ್ದೆ ಮಾತ್ರೆ ಪಾಪದ ವಸ್ತುವೇನಲ್ಲ. ಹೊತ್ತಿಗೆ ಒದಗಿ ಎಷ್ಟೋ ಜನರನ್ನು ಕಾಪಾಡಿದೆ. ಆದರೆ ಬರೆಯುವಾಗ ಒಂದು ನಿಮಿಷ ಸಾಕಾಗುವ ಮಾತ್ರೆಯನ್ನು ಬಿಡಿಸಲು ಒಂದು ವರ್ಷ ಬೇಕಾಗಬಹುದು. ಬ್ರಿಟನ್ನಿನ ಔಷಧಿ ಸುರಕ್ಷತಾ ಸಮಿತಿ ಇದನ್ನು ಎರಡರಿಂದ ನಾಲ್ಕು ವಾರಕ್ಕಿಂತ ಹೆಚ್ಚು ಕೊಡಬೇಡಿ ಎಂದು 1988ರಲ್ಲೇ ಹೇಳಿತ್ತು. ಅಮೆರಿಕದ ಔಷಧಿ ಇಲಾಖೆ 2020ರಲ್ಲಿ ಅವಲಂಬನೆ ಮತ್ತು ಹಿಂತೆಗೆತದ ಎಚ್ಚರಿಕೆಯನ್ನು ಔಷಧಿಯ ಮಾಹಿತಿಪತ್ರದಲ್ಲಿ ಪೆಟ್ಟಿಗೆ ಕಟ್ಟಿ ಮುದ್ರಿಸುವಂತೆ ಮಾಡಿತು. ನಮ್ಮಲ್ಲಿ ಅಂಥ ಎಚ್ಚರಿಕೆ ರೋಗಿಯ ಕಿವಿಗೆ ಬೀಳಬೇಕಾದರೆ ವೈದ್ಯರು ಬಾಯಿ ತೆರೆಯಬೇಕು, ಮನೆಯವರು ಪ್ರಶ್ನೆ ಕೇಳಬೇಕು. ಮುಂದಿನ ಬಾರಿ ಚೀಟಿಯಲ್ಲಿ ಮಾತ್ರೆಯ ಹೆಸರು ಬದಲಾಗಿದ್ದರೆ ಸುಮ್ಮನೆ ಮಡಿಸಿ ಜೇಬಿಗೆ ಹಾಕಬೇಡಿ. ‘ಏಕೆ ಬದಲಿಸಿದಿರಿ? ಮನಸ್ಸಿಗೆ ಏನಾಗಬಹುದು? ಎಷ್ಟು ದಿನ?’ ಎಂಬ ಮೂರು ಪ್ರಶ್ನೆ ಕೇಳಿಯೇ ಕುರ್ಚಿಯಿಂದ ಏಳಿ.